ಒಂದು ಬಾಗಿಲು, ಎರಡು ಸಂಸಾರ

ಇಷ್ಟು ವರ್ಷದ ಸರ್ಕಾರಿ ನೌಕರಿಯಲ್ಲಿ ನಾನು ಡ್ಯೂಟಿ ಮೇಲಿದ್ದಾಗ ಹೇಳಿದ್ದು ಒಂದೇ ಸುಳ್ಳು. ಮೊನ್ನೆ ರಿಟೈರ್ ಆದೆ. ಈಗ ಹೇಳಿಬಿಡಬಹುದು. (ಪೆನ್ಷನ್ ಪೇಪರ್ ಇನ್ನೂ ಮೇಜಿನಿಂದ ಮೇಜಿಗೆ ಓಡಾಡ್ತಿದೆ, ಬಾಯಿ ಬಿಡಬೇಡಿ ಅಂತ ಮನೆಯವಳು ಹೇಳಿದ್ದಾಳೆ. ಇರಲಿ.)

ತೀರ್ಥಹಳ್ಳಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಮನೆಯಿಲ್ಲದವರಿಗೆ ಮನೆ ಕೊಡುವ ಫೈಲು ನನ್ನ ಮೇಜಿನದು. ವರ್ಷಕ್ಕೊಮ್ಮೆ ಮೇಲಿನಿಂದ ಒಂದು ಕಾಗದ ಬರುತ್ತಿತ್ತು. ನಿಮ್ಮ ತಾಲ್ಲೂಕಿಗೆ ಈ ಸಲ ಇಷ್ಟು ಮನೆ. ಅದಕ್ಕೆ ‘ಗುರಿ’ ಎಂದು ಹೆಸರು. ಮನೆ ಇಲ್ಲದವರು ಎಷ್ಟು ಜನ ಎಂದು ಕೇಳಿಕೊಂಡು ಆ ಕಾಗದ ಬರುತ್ತಿತ್ತೇ? ಇಲ್ಲ. ಅದು ಬಂದ ಮೇಲೆ ನಾವೇ ಜನರನ್ನು ಅದರ ಅಳತೆಗೆ ಕತ್ತರಿಸಬೇಕು.

ಕತ್ತರಿಸುವ ಕೆಲಸ ನನ್ನದು. ಅರ್ಜಿದಾರರ ಪಟ್ಟಿ ಹಾಳೆಗಟ್ಟಲೆ. ಗುರಿಗೆ ಒಂದು ಹಾಳೆ ಸಾಕು. ಗುರಿ ಎಲ್ಲಿ ಮುಗಿಯುತ್ತದೋ ಆ ಹೆಸರಿನ ಕೆಳಗೆ ಕೆಂಪು ಶಾಯಿಯ ಗೆರೆ. ಮೇಲಿದ್ದವರು ಫಲಾನುಭವಿಗಳು. ಕೆಳಗಿದ್ದವರು? ಅವರನ್ನು ಏನೆಂದು ಕರೆಯಬೇಕು ಎಂದು ಯಾವ ಸುತ್ತೋಲೆಯೂ ಹೇಳಿರಲಿಲ್ಲ.

ಒಂದು ವರ್ಷ ಆ ಗೆರೆ ಇಬ್ಬರು ಹೆಂಗಸರ ನಡುವೆ ಬಿತ್ತು. ಮೇಲೆ ರತ್ನಮ್ಮ, ಕೆಳಗೆ ಪುಟ್ಟಮ್ಮ.

ಇಬ್ಬರೂ ಕೋಣಂದೂರಿನ ಒಂದೇ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದವರು. ಗಿರಣಿ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಕ್ಕಪಕ್ಕದ ವಾಸ. ರತ್ನಮ್ಮನಿಗೆ ಗಂಡ, ಇಬ್ಬರು ಸಣ್ಣ ಮಕ್ಕಳು. ಗಂಡ ತೀರಿಹೋದ ಪುಟ್ಟಮ್ಮನಿಗೆ ಶಾರದೆ ಎಂಬ ಮಗಳೊಬ್ಬಳೇ. ಪುಟ್ಟಮ್ಮ ಹೊಸನಗರದ ಕಡೆಯ ಮುಳುಗಡೆ ಊರಿನವಳು. ಊರು ನೀರಿನಡಿ ಹೋದಾಗ ಜಮೀನು ಇದ್ದವರಿಗೆ ಪರಿಹಾರ ಸಿಕ್ಕಿತು. ಅವಳಪ್ಪ ಬೇರೆಯವರ ಜಮೀನಿನಲ್ಲಿ ಕೂಲಿ. ಆ ಪಟ್ಟಿಯಲ್ಲೂ ಹೆಸರಿರಲಿಲ್ಲ.

ಪುಟ್ಟಮ್ಮ ಕಚೇರಿಗೆ ಬಂದು, ಮುಂದಿನ ವರ್ಷ ಗೆರೆಯ ಕೆಳಗಿನಿಂದಲೇ ಶುರು ಮಾಡ್ತೀರಾ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಮುಂದಿನ ವರ್ಷ ಹೊಸ ಅರ್ಜಿ, ಹೊಸ ಪಟ್ಟಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನೋಡೋಣ ಅಂದೆ.

ಕೆಲವು ತಿಂಗಳ ಮೇಲೆ ಹೊಸ ಮನೆಗಳ ತನಿಖೆಗೆ ನನ್ನನ್ನೇ ಕಳಿಸಿದರು. ಕೊಟ್ಟ ಮನೆಯಲ್ಲಿ ಪಡೆದವರೇ ಇದ್ದಾರೋ ಇಲ್ಲವೋ ನೋಡಿ ಬರೆಯಬೇಕು. ಬೇರೆಯವರಿದ್ದರೆ ಮನೆ ವಾಪಸ್.

ರತ್ನಮ್ಮನ ಮನೆ ಮುಂದೆ ಅವತ್ತು ದೊಡ್ಡ ರಂಗೋಲಿ. ಒಳಗೆ ಚಾಪೆ ಮೇಲೆ ನೆಂಟರು, ನಡುವೆ ಇಸ್ತ್ರಿ ಅಂಗಿಯ ಹುಡುಗ. ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಿಗೆ ಬಂದವಳು ಪುಟ್ಟಮ್ಮ. ನನ್ನ ಕೈಯ ರಿಜಿಸ್ಟರ್ ನೋಡಿ ಅವಳ ಮುಖ ಬಿಳಿಚಿಕೊಂಡಿತು. ಆಚೆ ತಿರುಗಿದೆ. ಪಕ್ಕದ ಮನೆಯ ಜಗಲಿಯಲ್ಲಿ ರತ್ನಮ್ಮ, ಸುತ್ತಿದ ಹಳೇ ಸೀರೆಯೊಂದನ್ನು ಕಂಕುಳಲ್ಲಿಟ್ಟುಕೊಂಡು, ನನ್ನ ಕಡೆ ಕೈ ಮುಗಿಯುತ್ತಿದ್ದಳು.

ಅಷ್ಟರಲ್ಲಿ ಹುಡುಗನ ಸೋದರಮಾವ ಎದ್ದು ಬಂದ. “ಆಫೀಸಿನೋರಾ? ಮನೆ ಇವರ ಹೆಸ್ರಲ್ಲೇ ಐತಲ್ಲ?”

“ಹೌದು, ಇವರದ್ದೇ,” ಅಂದೆ.

ಆ ಸುಳ್ಳು ಇದೇ.

ಆಮೇಲೆ ಪಕ್ಕದ ಮನೆಯ ಜಗಲಿಗೆ ಹೋದಾಗ ರತ್ನಮ್ಮ ಎಲ್ಲ ಹೇಳಿದಳು. ಶೆಡ್ಡಿನಿಂದ ಬರುವಾಗ ಪುಟ್ಟಮ್ಮನನ್ನೂ ಶಾರದೆಯನ್ನೂ ಜೊತೆಗೇ ಕರೆತಂದಿದ್ದಳಂತೆ. ಇರುವ ಒಂದೇ ಕೋಣೆಗೆ ನಡುವೆ ಸೀರೆಯ ಪರದೆ. ಹಿಂದೆ ಶಾರದೆಯನ್ನು ನೋಡಲು ಬಂದವರು ಆ ಶೆಡ್ಡು ಕಂಡು ಕಾಫಿಯನ್ನೂ ಕುಡಿಯದೆ ಹೋಗಿದ್ದರು. ಈಗ ಸಾಗರದ ಸಂಬಂಧ. ಹುಡುಗನಿಗೆ ಮರ ಕೊಯ್ಯುವ ಸಾಮಿಲ್ಲಿನಲ್ಲಿ ಕೆಲಸ. ಅದಕ್ಕೇ ಬೆಳಿಗ್ಗೆಯೇ ಪರದೆ ಬಿಚ್ಚಿ, ಗಂಡ ಮಕ್ಕಳನ್ನು ಕರೆದುಕೊಂಡು ಪಕ್ಕದ ಮನೆಗೆ ಬಂದಿದ್ದಾಳೆ.

“ಇವತ್ತೊಂದಿನ ಅದು ಅವಳ ಮನೆ ಸಾರ್,” ಅಂದಳು.

ನಾನು ಜಗಲಿಯಲ್ಲೇ ಕೂತು ಕಾಫಿ ಕುಡಿದೆ. ಪುಟ್ಟಮ್ಮ ಗಂಡಿನ ತಾಯಿಗೆ ಹಿತ್ತಲು ತೋರಿಸುತ್ತಿದ್ದುದು ಅಲ್ಲಿಗೇ ಕೇಳುತ್ತಿತ್ತು. ಇಲ್ಲಿ ಬಚ್ಚಲು ಕಟ್ಟಿಸಬೇಕು, ಅಲ್ಲಿ ನುಗ್ಗೆ ಹಾಕಬೇಕು, ಈ ಕಿಟಕಿಗೆ ಮಳೆ ಹೊಡೆಯುತ್ತೆ, ಮುಂದಕ್ಕೆ ಎರಡು ಸಾಲು ಹಂಚು ಹೊದಿಸಬೇಕು. ಅದೆಲ್ಲ ನಾಟಕ ಅಂತ ನನಗೆ ಅನ್ನಿಸಲಿಲ್ಲ. ಎಷ್ಟೋ ವರ್ಷ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದನ್ನು ಮೊದಲ ಸಲ ಇನ್ನೊಬ್ಬರಿಗೆ ತೋರಿಸುತ್ತಿದ್ದಳು, ಅಷ್ಟೆ.

‘ಫಲಾನುಭವಿ ಕುಟುಂಬ ವಾಸವಾಗಿದೆ’ ಎಂದು ಬರೆದು ಸೈನ್ ಹಾಕಿದೆ. ಆ ವರ್ಷ ನಮ್ಮ ತಾಲ್ಲೂಕಿನ ಗುರಿ ನೂರಕ್ಕೆ ನೂರು ಸಾಧನೆಯಾಯಿತು. (ಟೈಪ್ ಮಾಡಿದವನೂ ನಾನೇ.) ಬಾಗಿಲುಗಳನ್ನು ಎಣಿಸಿದ್ದೆವು. ಬಾಗಿಲ ಹಿಂದೆ ಎಷ್ಟು ಒಲೆ ಎಂದು ಕೇಳುವ ಕಾಲಂ ಇರಲಿಲ್ಲ.

ಶಾರದೆಯ ಮದುವೆಯಾಯಿತು. ಪುಟ್ಟಮ್ಮ ರತ್ನಮ್ಮನ ಮನೆಯ ಪರದೆಯಾಚೆಯೇ ಉಳಿದು, ಪ್ರತಿ ವರ್ಷ ಅರ್ಜಿ ಹಾಕಿದಳು. ಪ್ರತಿ ವರ್ಷ ಗೆರೆ ಅವಳ ಹೆಸರಿಗಿಂತ ಮೇಲೇ ಬಿತ್ತು. ರಿಟೈರ್ ಆಗುವ ತನಕ ಎಳೆದವನು ನಾನೇ.

ಕಳೆದ ವಾರ ಅವಳು ತೀರ್ಥಹಳ್ಳಿಗೆ, ನಮ್ಮ ಮನೆಗೇ ಬಂದಳು. ಶಾರದೆಗೆ ಈಗ ಏಳು ತಿಂಗಳು. ಬಾಣಂತನಕ್ಕೆ ಕಳಿಸ್ತೀವಿ ಅಂತ ಸಾಗರದಿಂದ ಹೇಳಿಕಳಿಸಿದ್ದಾರೆ. ಅಳಿಯನಿಗೆ ಮನೆಯ ವಿಷಯ ಗೊತ್ತು, ಅವನ ತಾಯಿಗೆ ಗೊತ್ತಿಲ್ಲ. ರತ್ನಮ್ಮನೇನೋ ತಾನು ಒಲೆ ಹೂಡಿಕೊಂಡು ಜಗಲಿಯಲ್ಲಿ ಇರ್ತೀನಿ, ಕೋಣೆ ಬಾಣಂತಿಗಿರಲಿ ಅಂದಿದ್ದಾಳೆ.

“ಅವಳು ಸ್ವಂತ ಮಕ್ಕಳನ್ನ ಜಗಲೀಲಿ ಮಲಗಿಸಿ ನನ್ ಮಗಳಿಗೆ ಕೋಣೆ ಕೊಡದು ಎಂತಕ್ಕೆ ಸಾರ್? ಈ ಸಲದ ಗುರೀಲಿ ನಾನು ಇದೀನಾ ನೋಡಿ.”

ಮಾರನೇ ದಿನ ಹಳೇ ಕಚೇರಿಗೆ ಹೋದೆ. ನನ್ನ ಜಾಗಕ್ಕೆ ಬಂದವನು ಕುರ್ಚಿ ಕೊಟ್ಟು ಪಟ್ಟಿ ತೋರಿಸಿದ. ಕೆಂಪು ಗೆರೆ ಆಗಲೇ ಬಿದ್ದಿತ್ತು. ಪುಟ್ಟಮ್ಮ ಅದರ ಕೆಳಗೆ, ಎರಡನೇ ಹಾಳೆಯಲ್ಲಿದ್ದಳು.

ಕೋಣಂದೂರಿಗೆ ಬಸ್ಸು ಹತ್ತಿ ಹೋಗಿ, ಗಿರಣಿ ಮುಂದೆ ನಿಂತು ಅವಳಿಗೆ ಹೇಳಿದೆ. ಅವಳು ಅಳಲಿಲ್ಲ. ಸೆರಗಿಗೆ ಹತ್ತಿದ್ದ ತೌಡು ಕೊಡವಿಕೊಂಡಳು. ಒಳಗಿನಿಂದ ಒಂದು ಅಂಚೆ ಕಾರ್ಡು ತಂದು ಕೊಟ್ಟಳು. ತನಗೆ ಬರೆಯಲು ಬರುವುದಿಲ್ಲ, ಮಗಳಿಗೆ ‘ಮನೆಗೆ ಬಾ’ ಎಂದು ಬರೆದುಕೊಡಿ ಅಂದಳು.

ಬರೆದೆ. ಮಗಳ ವಿಳಾಸವನ್ನೂ ಬರೆದೆ. ಇತ್ತ ‘ಇಂದ’ ಎಂದು ಬರೆದು, ‘ಪುಟ್ಟಮ್ಮ’ ಎಂದು ಹಾಕಿ ಪೆನ್ನು ನಿಲ್ಲಿಸಿದ್ದೇನೆ.

ಮುಂದಿನ ಸಾಲಿನಲ್ಲಿ ಯಾರ ಮನೆ ಎಂದು ಬರೆಯಲಿ, ಹೇಳಿ?