ಸಾವಿತ್ರಿಯ ಕನ್ನಡಿ

ಬೇಲೂರಿನ ನಮ್ಮ ಮನೆಯ ಗೋಡೆಯಲ್ಲಿ ತೂಗುವ, ಅಂಚಿನಲ್ಲಿ ಪಾದರಸ ಕಿತ್ತುಹೋದ ಈ ಕನ್ನಡಿಯನ್ನು ಕಂಡು ನೀವು ನಕ್ಕೀರಿ, ನಗಿ, ಬೇಡವೆನ್ನುವುದಿಲ್ಲ. ನನ್ನಾಕೆ ಸಾವಿತ್ರಿ ತವರಿನಿಂದ ತಂದ, ಮನೆಗಿದ್ದ ಒಂದೇ ಕನ್ನಡಿಯಾದ ಇದು ಎರಡು ವರ್ಷ ಗುಡಿಯಲ್ಲಿತ್ತು. ಕತ್ತಲೆಗಟ್ಟಿದ ನವರಂಗದ ಕೆತ್ತನೆಗಳನ್ನು ಪ್ರವಾಸಿಗರಿಗೆ ತೋರಿಸಲು, ಬಾಗಿಲ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಮಾಡಿನತ್ತ ಹಾಯಿಸುವುದು ನಮ್ಮಲ್ಲಿನ ರೂಢಿ. ನಮ್ಮ ಪ್ರವಾಸಿ ಮಂಡಳಿಗಿದ್ದ ಆಸ್ತಿಯೆಂದರೆ ಇದೊಂದೇ.

ಮಂಡಳಿಗೆ ಮೇಷ್ಟ್ರಾದ ನಾನು ಕಾರ್ಯದರ್ಶಿ, ಅರಸೀಕೆರೆಯ ತೆಂಗಿನಕಾಯಿ ವ್ಯಾಪಾರಿ ರುದ್ರಪ್ಪನವರು ಅಧ್ಯಕ್ಷರು. ಅರಸೀಕೆರೆಯಲ್ಲಿ ರೈಲಿಳಿದವರನ್ನು ಬಸ್ಸು ಹತ್ತಿಸಿ, ಬೇಲೂರು ಹಳೇಬೀಡುಗಳನ್ನು ಅಕ್ಕರೆಯಿಂದ ತೋರಿಸಿ ಕಳಿಸುವುದು ನಮ್ಮ ಕೆಲಸ. ಇದ್ದ ಇಬ್ಬರು ಗೈಡುಗಳಲ್ಲಿ ಒಬ್ಬ ಆಗಲೇ ಬಿಕ್ಕೋಡಿನ ಕಾಫಿತೋಟಕ್ಕೆ ಸೇರಿಕೊಂಡಿದ್ದ. ಸರ್ಕಾರ ಕೈಹಿಡಿಯದಿದ್ದರೆ ಯುಗಾದಿಗೆ ಮಂಡಳಿಯನ್ನು ಮುಚ್ಚುವುದೆಂದು ತೀರ್ಮಾನವಾಗಿತ್ತು.

ಅರ್ಜಿ ಬರೆಯಲು ಕೂತೆ. "ಬೇಡೋರ ಥರ ಬರೀಬ್ಯಾಡಿ ಮೇಷ್ಟ್ರೇ, ನಮ್ಗೇನು ಕಮ್ಮಿ ಐತೆ?" ಎಂದರು ರುದ್ರಪ್ಪನವರು. ಅಷ್ಟು ಸಾಕಾಯಿತು ನೋಡಿ. ಊರಭಿಮಾನ ಉಕ್ಕಿ, ಶಿಲಾಬಾಲಿಕೆಯರ ಸೊಬಗನ್ನೂ ನಮ್ಮ ಅತಿಥಿಸತ್ಕಾರವನ್ನೂ ಪುಟಗಟ್ಟಲೆ ಬಣ್ಣಿಸಿ, ನಮ್ಮ ಪಾಡನ್ನು ಮಾತ್ರ ನುಂಗಿಕೊಂಡೆ. ಉತ್ತರ ಬಂತು: ಮಂಡಳಿಯ ಏಳಿಗೆ ತಿಳಿದು ಸಂತೋಷವಾಗಿದೆ, ನೆರವಿನ ಅಗತ್ಯ ಕಂಡುಬರುವುದಿಲ್ಲ.

ನನ್ನ ಮುಖ ಸಣ್ಣದಾಯಿತು. ಸಾವಿತ್ರಿಗೆ ನಗು ತಡೆಯಲಾಗಲಿಲ್ಲ. "ಇಲ್ಲ ಅನ್ನೋಕೆ ನಿಮಗೆ ನಾಚಿಕೆ ಕಣ್ರೀ. ಕನ್ನಡೀನೂ ಮಂಡಳೀದಲ್ಲ, ಹೆಂಡ್ತೀದು ಅಂತ ಬರೀರಿ."

ಹಾಗೆಯೇ ಬರೆದೆ, ನಾಚುತ್ತಲೇ. ತಿಂಗಳೊಪ್ಪತ್ತಿನಲ್ಲಿ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದರು. "ಇದೇನಾ ನಿಮ್ಮ ಮನೆಯವರ ಕನ್ನಡಿ?" ಎಂದು ತಾವೇ ಇಸಿದುಕೊಂಡು, ಗುಡಿಯ ಬಾಗಿಲಲ್ಲಿ ನಿಂತು ಬಿಸಿಲನ್ನು ಒಳಕ್ಕೆ ಹಾಯಿಸಿದರು. ಕತ್ತಲೊಳಗಿಂದ ಒಂದೊಂದೇ ಕಲ್ಲಿನ ಹೂವು ಎದ್ದು ಬಂತು. ಬಹಳ ಹೊತ್ತು ನೋಡಿ, ಕನ್ನಡಿಯನ್ನು ಕರವಸ್ತ್ರದಿಂದ ಒರೆಸಿ ನನ್ನ ಕೈಗಿತ್ತರು. "ಇದನ್ನ ಮನೆಗೆ ತಗೊಂಡು ಹೋಗಿ ಮೇಷ್ಟ್ರೇ. ಮಂಡಳಿಗೆ ಬೇಕಾದ್ದಕ್ಕೆ ನಾನು ಬರೀತೀನಿ."

ಬರೆದರು ಪುಣ್ಯಾತ್ಮರು, ಯುಗಾದಿಗೆ ಮುಂಚೆಯೇ ಮಂಜೂರಾತಿ ಬಂದು ಮಂಡಳಿ ಉಳಿಯಿತು, ತೋಟಕ್ಕೆ ಹೋಗಿದ್ದ ಗೈಡೂ ಹಿಂತಿರುಗಿದ. ಅವರನ್ನು ನಾನು ದಿನವೂ ನೆನೆಯುತ್ತೇನೆ.

ಆದರೆ ಕನ್ನಡಿ ಮನೆಗೆ ಬಂದ ಮರುದಿನ ಬೆಳಿಗ್ಗೆ ಕಂಡದ್ದನ್ನು ನಿಮಗೆ ಹೇಳಲೇಬೇಕು. ಸಾವಿತ್ರಿ ಕುಂಕುಮದ ಭರಣಿ ಹಿಡಿದು ನಿಂತಿದ್ದಳು, ಕನ್ನಡಿಗೆ ಬೆನ್ನು ಹಾಕಿ, ಕಣ್ಣು ಮುಚ್ಚಿಕೊಂಡು. ಬೆರಳು ನೇರವಾಗಿ ಹುಬ್ಬುಗಳ ನಡುವೆಯೇ ಹೋಗಿ ಕೂತಿತು. ಎರಡು ವರ್ಷ ಅವಳು ಕುಂಕುಮವನ್ನು ಹೇಗೆ ಇಟ್ಟುಕೊಂಡಳೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.