ನೋಡ್ತಾ ಇರುವ ಸಾಲು

ಪಣಂಬೂರಿನ ಒಂದು ಶಿಪ್ಪಿಂಗ್ ಆಫೀಸಿನ ಸರ್ವರ್ ಆಗಾಗ ನಿಂತುಬಿಡುತ್ತಿತ್ತು. ಗೇಟಿನಲ್ಲಿ ಲಾರಿಗಳ ಕ್ಯೂ ಬೆಳೆಯುತ್ತಿತ್ತು. ರಿಪೇರಿಗೆಂದು ನಾನು ಹೋಗಿ ಎದುರು ಕೂತರೆ ಮಾತ್ರ ಸಂಭಾವಿತನ ಹಾಗೆ ಓಡುತ್ತಿತ್ತು.

ತಪ್ಪು ಇದ್ದದ್ದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನ ನೆಟ್‌ವರ್ಕ್ ಕೋಡಿನಲ್ಲಿ. ಒಂದು ಪ್ರೊಸೆಸರ್ ಬಂದ ಮಾಹಿತಿಯ ಪ್ಯಾಕೆಟ್ ಓದುತ್ತಿರುವಾಗಲೇ ಇನ್ನೊಂದು ಅದನ್ನು ಅಳಿಸಿಬಿಡುತ್ತಿತ್ತು. "ಉಣ್ಣುವವ ಏಳುವ ಮೊದಲೇ ಎಲೆ ತೆಗೆದ ಹಾಗೆ," ಎಂದು ಮ್ಯಾನೇಜರ್ ಶೆಟ್ರಿಗೆ ವಿವರಿಸಿದೆ. ಆ ಗಳಿಗೆಯನ್ನು ಹಿಡಿಯಲು, 'ನಾನು ನೋಡ್ತಾ ಇದ್ದೇನೆ' ಎಂದು ಸರ್ವರಿನ ದಿನಚರಿಯಾದ ಲಾಗಿನಲ್ಲಿ ಬರೆಯುವ ಒಂದು ಸಾಲು ಸೇರಿಸಿದೆ. ಅದನ್ನು ಬರೆಯುವಷ್ಟು ತಡವಾದದ್ದಕ್ಕೇ ಎರಡರ ಡಿಕ್ಕಿ ತಪ್ಪಿತು. ಸರ್ವರ್ ನಿಲ್ಲುವುದನ್ನೇ ಬಿಟ್ಟಿತು.

"ಹೆದರಿತು ನೋಡಿ!" ಎಂದರು ಶೆಟ್ರು, ಲಾಗಿನ ಆ ಸಾಲು ಓದಿ.

"ರಿಪೇರಿ ಆದದ್ದಲ್ಲ ಶೆಟ್ರೇ, ಅಡಗಿ ಕೂತದ್ದು."

"ಕೂತ್ಕೊಳ್ಳಲಿ ಮಾರಾಯ್ರೇ, ನಿಮಗೆಂತ?"

ನಾನು ಹಠ ಹಿಡಿದು, ಒಂದು ಓದಿ ಮುಗಿಸುವವರೆಗೆ ಇನ್ನೊಂದು ಕಾಯುವಂತೆ ಸರಿಯಾದ ಲಾಕ್ ಹಾಕಿ, ಆ ಸಾಲನ್ನು ತೆಗೆದು ಬಂದೆ. ಮರುದಿನ ಬೆಳಿಗ್ಗೆಯೇ ಶೆಟ್ರ ಫೋನ್.

"ಪುನಃ ನಿಂತಿತಾ?" ಎಂದೆ ಗಾಬರಿಯಲ್ಲಿ.

"ಇಲ್ಲ, ಓಡ್ತಾ ಉಂಟು. ಆದ್ರೆ ನೀವು ನೋಡ್ತಾ ಇಲ್ವಲ್ಲ!"

ಸಾಲನ್ನು ವಾಪಸ್ ಹಾಕಿದೆ. ಈಗ ಬಿಕರ್ನಕಟ್ಟೆಯ ಮನೆಯಲ್ಲಿ ಗೊರಕೆ ಹೊಡೆಯುವಾಗಲೂ ನಾನು ಪಣಂಬೂರಿನಲ್ಲಿ ಕಣ್ಣು ಬಿಟ್ಟುಕೊಂಡೇ ಇರುತ್ತೇನೆ.