ಬಿಸಿಲಲ್ಲಿ ಇಳಿಬಿಟ್ಟ ಮಳೆಪರದೆ

ನಮ್ಮಣ್ಣನ ಆಟೋದ ಹಿಂಭಾಗದಲ್ಲಿ ದೊಡ್ಡ ಹಳದಿ ಅಕ್ಷರಗಳಲ್ಲಿ ‘ಯೇಸುವೇ ಒಡೆಯ’ ಎಂದು ಬರೆದಿದೆ. ಅದರ ಮೇಲೆ ಒಂದು ರೆಕ್ಸಿನ್ ಪರದೆಯನ್ನು ಸುತ್ತಿ ಕಟ್ಟಿರುತ್ತೇವೆ. ಮಳೆ ಬಂದಾಗ ದಾರ ಬಿಚ್ಚಿದರೆ ಪರದೆ ಕೆಳಗಿಳಿದು ಅಕ್ಷರಗಳನ್ನೂ ಮುಚ್ಚುತ್ತದೆ. ನನ್ನ ತಪ್ಪು ಆ ಪರದೆಯ ಹಿಂದೆ ಬೆಳೆಯಿತು.

ಅಣ್ಣ ಜಾರಿ ಬಿದ್ದು ಕಾಲು ಮುರಿದುಕೊಂಡಾಗ ಆಟೋ ನನ್ನ ಕೈಗೆ ಬಂತು. ಏಳನೆಯ ತರಗತಿಗೇ ಶಾಲೆ ಬಿಟ್ಟ ನಾನು ಯಾವ ಕೆಲಸದಲ್ಲೂ ಬಹಳ ದಿನ ನಿಂತವನಲ್ಲ. ಆದರೂ ಅಣ್ಣ ನನ್ನನ್ನು ನಂಬಿದ. ಚಾವಿ ಕೊಡುವಾಗ ಒಂದೇ ಮಾತು ಹೇಳಿದ.

“ಗಾಡಿಗೆ ಗೀರು ಬಿದ್ರ ಬಣ್ಣಾ ಹಚ್ಚೋಣಂತ. ಆ ಹೆಸರಿಗೆ ಮಾತ್ರ ನಿನ್ನಿಂದ ಕೆಟ್ಟ ಮಾತು ಬರಬಾರದು, ನೋಡು.”

ಆ ಮಾತನ್ನು ನಾನು ತಪ್ಪಾಗಿ ಪಾಲಿಸಿದೆ. ಬಾಡಿಗೆ ಹೆಚ್ಚು ಕೇಳಬೇಕೆನಿಸಿದ ದಿನ, ಹತ್ತಿರದ ಗಿರಾಕಿಗಳನ್ನು ಒಲ್ಲೆ ಎನ್ನಬೇಕೆನಿಸಿದ ದಿನ, ಮೊದಲು ಹಿಂದೆ ಹೋಗಿ ಪರದೆ ಇಳಿಬಿಡುತ್ತಿದ್ದೆ. ಅದು ದೇವರಿಗೆ ನಾನು ಕೊಡುವ ಮರ್ಯಾದೆ ಎಂದೇ ಅಂದುಕೊಂಡಿದ್ದೆ. ಅಪ್ಪನ ಎದುರಿಗೆ ಬೇಡವೆಂದು ಗೋಡೆಯ ಹಿಂದೆ ಹೋಗಿ ಬೀಡಿ ಸೇದುವವರ ಹಾಗೆ.

ಆಟೋ ಸ್ಟ್ಯಾಂಡಿನಲ್ಲಿ ಎಲ್ಲರಿಗಿಂತ ಹಿರಿಯ ಚಾಲಕರೊಬ್ಬರಿದ್ದರು. ಅವರು ಮುಸ್ಲಿಮರು, ನಮಗೆಲ್ಲ ಕಾಕಾ. ಅವರ ಕಣ್ಣಿಗೆ ಇದು ಬೇಗ ಬಿತ್ತು.

“ಬಿಸಿಲು ತಲಿ ಸುಡಾಕತ್ತೇತಿ, ಯಾವ ಮಳಿಗೆ ಪಡದಾ ಬಿಟ್ಟೀಯೋ? ಇವತ್ತ ನಿಮ್ಮ ದೇವರಿಗೆ ಸೂಟಿ ಕೊಟ್ಟೀಯೇನು?”

“ಧೂಳ ಭಾಳ ಐತಿ ಕಾಕಾ.”

“ಹೌದೌದು. ಯಾರ ಮ್ಯಾಲ ಬೀಳಾಕತ್ತೇತಿ ಅನ್ನೂದನ್ನೂ ನೋಡ್ಕೋ.”

ದೇವರಿಗೂ ರಜೆ ಎಂಬ ಮಾತಿಗೆ ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಂಥದೇ ಒಂದು ಬಿಸಿಲಿನ ದಿನ, ಹಳ್ಳಿಯಿಂದ ಬಂದ ಅಜ್ಜಿಯೊಬ್ಬರು ಸ್ಟ್ಯಾಂಡಿನಲ್ಲಿ, ಧಾರವಾಡದ ದಾರಿಯಲ್ಲಿರುವ ಬೈರಿದೇವರಕೊಪ್ಪಕ್ಕೆ ಆಟೋ ಕೇಳಿದರು. ಮಗಳು ಹಡೆದಿದ್ದಳು; ಅವಳಿಗಾಗಿ ಸ್ಟೀಲ್ ಡಬ್ಬಿ ತುಂಬ ಅಂಟಿನುಂಡಿ ಕಟ್ಟಿಕೊಂಡು ತಂದಿದ್ದರು. ನಾನು ಪರದೆ ಬಿಟ್ಟು, ಹೆಚ್ಚಿನ ಬಾಡಿಗೆ ಹೇಳಿದೆ.

“ಮಳಿ ಬರತೈತೇನಪಾ?” ಎಂದು ಅಜ್ಜಿ ಆಕಾಶ ನೋಡಿದರು.

“ಬಂದ್ರೂ ಬರಬಹುದು ಅಜ್ಜಿ.”

ಅವರು ನಂಬಿ, ಡಬ್ಬಿಯನ್ನು ಸೆರಗಿನಿಂದ ಮುಚ್ಚಿಕೊಂಡು ಹತ್ತಿ, ಸೀಟಿನ ಹಿಂದೆ ಇಟ್ಟರು.

ದಾರಿಯಲ್ಲಿ ನನಗೊಂದು ಫೋನ್ ಬಂತು. ಧಾರವಾಡಕ್ಕೆ ಹೋಗುವವರು ಮುಂದೆ ಕಾಯುತ್ತಿದ್ದರು. ಅಜ್ಜಿಯ ಮಗಳ ಮನೆ ಮುಖ್ಯ ರಸ್ತೆಯಿಂದ ಬಹಳ ಒಳಗಿತ್ತು. ನಾನು ರಸ್ತೆಯ ಮೇಲೇ ಆಟೋ ನಿಲ್ಲಿಸಿದೆ.

“ಇಲ್ಲೇ ಇಳೀರಿ ಅಜ್ಜಿ. ಒಳಗ ರೋಡ್ ಪೂರಾ ಅಗದಾರ.”

“ಖರೇನ?”

“ದೇವರಾಣಿ ಖರೇ.”

ಅಜ್ಜಿ ಬಾಡಿಗೆ ಕೊಟ್ಟು ಇಳಿದರು. ನನ್ನ ಅವಸರಕ್ಕೆ ಡಬ್ಬಿ ಸೀಟಿನ ಹಿಂದೆಯೇ ಉಳಿಯಿತು. ಸಂಜೆ ಕಮರಿಪೇಟೆಯ ನಮ್ಮ ಮನೆಗೆ ಬಂದ ಮೇಲೆ ಅದನ್ನು ಕಂಡೆ. ಹಿಂತಿರುಗಿಸೋಣವೆಂದರೆ ಅವರ ಮನೆ ಗೊತ್ತಿಲ್ಲ. ಮನೆಯವರೆಗೆ ನಾನು ಹೋಗಿದ್ದರಲ್ಲವೇ ಗೊತ್ತಿರುವುದು?

ಮರುದಿನ ಬೆಳಿಗ್ಗೆ ಕಾಕಾ ಆ ಅಜ್ಜಿಯನ್ನು ಕರೆದುಕೊಂಡು ನಮ್ಮ ಬಾಗಿಲಿಗೇ ಬಂದರು. ಅಜ್ಜಿ ಸ್ಟ್ಯಾಂಡಿನಲ್ಲಿ ‘ಬಿಸಿಲಾಗ ಮಳಿ ಪಡದಾ ಬಿಟ್ಟಿದ್ದ ಆಟೋ’ ಎಂದಷ್ಟೇ ಕೇಳಿದ್ದರಂತೆ. ಹೆಸರನ್ನು ಮುಚ್ಚಲು ನಾನು ಬಿಟ್ಟ ಪರದೆಯೇ ನನ್ನ ಗುರುತಾಗಿತ್ತು.

ಅಣ್ಣ ಪ್ಲಾಸ್ಟರ್ ಹಾಕಿದ ಕಾಲು ಚಾಚಿಕೊಂಡು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. ಡಬ್ಬಿ ಕೊಡಿಸಿ, ನಡೆದದ್ದನ್ನು ಕೇಳಿದ.

“ಒಳಗ ರೋಡ್ ಅಗದಾರ ಅಂದಾ. ಹೋಗಿ ನೋಡಿದ್ರ ರೋಡ್ ನಿಮ್ಮ ಕಟ್ಟಿಗಿಂತಾ ಛಲೋ ಐತಿ!” ಎಂದರು ಅಜ್ಜಿ.

“ನೀವು ಜಗಳಾ ಮಾಡಬೇಕಿತ್ರಿ ಅವ್ವಾರ,” ಎಂದ ಅಣ್ಣ.

“ಹೆಂಗ ಮಾಡ್ಲೆಪಾ? ದೇವರಾಣಿ ಅಂದನಲ್ಲ. ದೇವರ ಹೆಸರು ತಗದಮ್ಯಾಲೂ ನಂಬೂದಿಲ್ಲ ಅನ್ನಾಕ ಬರತೈತೇನು? ಅದಕ್ಕ ಇಳದೆ.”

ಅಣ್ಣ ನನ್ನತ್ತ ನೋಡಲಿಲ್ಲ. ಅಜ್ಜಿಗೆ ಎರಡೂ ಕೈ ಮುಗಿದ. “ನಮ್ಮ ಮನಿಯಿಂದ ತಪ್ಪಾಗೇತ್ರಿ,” ಎಂದ. ತಪ್ಪು ನನ್ನದು, ಮುಗಿದ ಕೈ ಅವನದು. ಅದು ನನ್ನನ್ನು ಇನ್ನೂ ಬಿಟ್ಟಿಲ್ಲ.

ಆಮೇಲೆ ನನಗೆ ಹೇಳಿದ: “ಗಾಡಿ ತಗಿ. ಅವ್ವಾರನ್ನ ಮನಿ ಬಾಗಲಕ್ಕ ಬಿಟ್ಟು ಬಾ. ಪಡದಾ ಮ್ಯಾಲ ಕಟ್ಟು.”

ನಾನು ಪರದೆ ಸುತ್ತಿ ದಾರ ಕಟ್ಟಿದೆ. “ಸೂಟಿ ಮುಗೀತೇನೋ?” ಎಂದು ಕಾಕಾ ಕೇಳಿದರು. ಈ ಸಲ ಅವರೂ ನಗಲಿಲ್ಲ.

ಹಿಂದಿನ ದಿನ ಇಳಿಸಿದ ಜಾಗ ಬಂದಾಗ ಆಟೋ ನಿಧಾನ ಮಾಡಿ, “ಅಜ್ಜಿ, ನಿನ್ನೆ ನಾ ಹೇಳಿದ್ದು ಸುಳ್ಳು,” ಎಂದೆ.

“ರೋಡ್ ನೋಡೇನಲ್ಲೋ ಮಾರಾಯಾ! ನಿಲ್ಲಸಬ್ಯಾಡ, ಒಳಗ ಹೊಡಿ.”

ಬಾಗಿಲಲ್ಲಿ ಇಳಿದ ಅವರು ಡಬ್ಬಿ ತೆರೆದು ನನ್ನ ಕೈಯಲ್ಲಿ ಒಂದು ಉಂಡಿ ಇಟ್ಟರು. ನಾನು ಅದನ್ನು ತಿನ್ನದೆ ಅಣ್ಣನಿಗೆ ತಂದುಕೊಟ್ಟೆ. ಅವನು ಮುರಿದು ಅರ್ಧ ನನಗೆ ಕೊಟ್ಟ.

ಭಾನುವಾರದ ಪ್ರಾರ್ಥನೆಯಲ್ಲಿ ಅನ್ನ ಬೇಡುವ ಮೊದಲೇ ನಾವು ದೇವರ ಹೆಸರು ಪವಿತ್ರವೆಂದು ಎಣಿಸಲ್ಪಡಲಿ ಎಂದು ಬೇಡುತ್ತೇವೆ. ಚಿಕ್ಕಂದಿನಿಂದ ಹಾಗೆ ಬೇಡುತ್ತ ಬಂದ ನಾನು, ಎಣಿಸುವವರು ಯಾರೆಂದು ಯೋಚಿಸಿರಲಿಲ್ಲ. ಅವರು ನನ್ನ ಹಿಂದಿನ ಸೀಟಿನಲ್ಲೇ ಕುಳಿತಿರುತ್ತಾರೆ. ಆಟೋದ ಬೆನ್ನಿನ ಮೇಲಿನ ಹೆಸರನ್ನು ಅವರು ಓದದಿರಬಹುದು, ಅಜ್ಜಿಗೆ ಓದಲು ಬರುತ್ತಲೇ ಇರಲಿಲ್ಲ. ಆದರೆ ನನ್ನ ಬಾಯಿಂದ ಬಂದ ಹೆಸರನ್ನು ಅವರು ನಂಬಿದರು. ನಾನು ಮುಚ್ಚಿದ್ದು ಬಣ್ಣವನ್ನು, ಕೆಡಿಸಿದ್ದು ಹೆಸರನ್ನು.

ಅಣ್ಣನ ಕಾಲು ಈಗ ಸರಿಯಾಗಿದೆ. ಬೆಳಿಗ್ಗೆ ಅವನು ಆಟೋ ಓಡಿಸುತ್ತಾನೆ, ಮಧ್ಯಾಹ್ನದ ಮೇಲೆ ನಾನು. ಯಾರಾದರೂ “ಖರೇನ?” ಎಂದರೆ “ಹೌದ್ರಿ” ಎನ್ನುತ್ತೇನೆ, ಅದರ ಮೇಲೆ ಆಣೆ ಇಡುವುದಿಲ್ಲ. ಮಳೆ ಬಂದರೆ ಪರದೆ ಬಿಡುತ್ತೇನೆ. ಮಳೆ ನಿಂತ ಕೂಡಲೇ ಇಳಿದು ಅದನ್ನು ಮೇಲೆ ಕಟ್ಟಿ, ಆಮೇಲೆ ಗಿರಾಕಿಗಳನ್ನು ಹತ್ತಿಸಿಕೊಳ್ಳುತ್ತೇನೆ.